ಪಡುಗೋಡೆಯ ಹೊದಿಕೆ

ಹುಮನಾಬಾದಿನ ಬೀಗರು ಬಾಯಿಬಿಟ್ಟು ಏನೂ ಅಂದಿರಲಿಲ್ಲ. ದೀಪಾವಳಿಗೆ ತವರಿಗೆ ಬಂದ ಸೊಸೆಯನ್ನು ಕರೆದೊಯ್ಯಲು ಕಲ್ಯಾಣಕ್ಕೆ ಬಂದಿದ್ದ ಪಂಡರಿ, ಪಡುವಣ ಖೋಲಿಯಲ್ಲಿ ಚಾಪೆಯ ಮೇಲೆ ಕುಳಿತು ಚಹಾ ಕುಡಿದು, ಏಳುವಾಗ ಆಸರೆಗೆಂದು ಗೋಡೆಗೆ ಕೈಯೂರಿದರು. ಆಮೇಲೆ ಅಂಗೈ ನೋಡಿಕೊಂಡು ಧೋತರಕ್ಕೆ ಒರೆಸಿಕೊಂಡರು. ಅಷ್ಟೇ. ಆದರೆ ಬಾಗಿಲಲ್ಲಿ ನಿಂತಿದ್ದ ಆ ಸೊಸೆಯ ತಾಯಿ ಅಂಬುಬಾಯಿ ಅದನ್ನು ನೋಡಿದಳು. ಮಳೆಗಾಲ ಮುಗಿದು ತಿಂಗಳಾದರೂ ಆ ಗೋಡೆ ಆರಿರಲಿಲ್ಲ.

ಯುಗಾದಿ ಕಳೆದ ಮೇಲೆ ಅವಳ ಗಂಡ ತುಳಜಾರಾಮ ತೊಗರಿ ಮಾರಲು ಬಂಡಿ ಕಟ್ಟಿಕೊಂಡು ಹುಮನಾಬಾದಿನ ಪೇಟೆಗೆ ಹೋದ. ರಾತ್ರಿ ಬೀಗರ ಮನೆಯಲ್ಲೇ ಉಳಿದ. ಮಗಳು ಗಿರಿಜಾಬಾಯಿಗೆ ಆಗ ಬಸಿರಿನ ಐದನೇ ತಿಂಗಳು ನಡೆಯುತ್ತಿತ್ತು. ಊಟದ ಹೊತ್ತಿನಲ್ಲಿ ಪಂಡರಿ ಮೆತ್ತಗೆ ಮಾತು ತೆಗೆದರು.

"ಏಳನೇ ತಿಂಗಳ ಕುಬಸ ನಿಮ್ಮಲ್ಲೇ ಆಗ್ಲಿ, ಬೀಗರ. ಹೆರಿಗಿ ಮಾತ್ರ ಇಲ್ಲೇ ಆದ್ರ ಚಲೋ ಅನಸ್ತದ. ಶ್ರಾವಣದಾಗ ನಿಮ್ಮ ಖೋಲಿ ಭಾಳ ಥಂಡಿ ಇರ್ತದ."

ತುಳಜಾರಾಮ ಎತ್ತಿದ ತುತ್ತನ್ನು ಮರಳಿ ತಾಟಿಗಿಟ್ಟ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆಯದ ಮನೆಯನ್ನು ಅವನು ಕಂಡಿರಲಿಲ್ಲ. "ಗ್ವಾಡಿ ಮಾಡಸ್ತೀನ್ರಿ," ಅಂದ. ಹೇಗೆ ಮಾಡಿಸುವುದೆಂದು ಅವನಿಗೂ ಗೊತ್ತಿರಲಿಲ್ಲ.

ಕಲ್ಯಾಣಕ್ಕೆ ಮರಳಿ ಈ ಮಾತು ಹೇಳಿದಾಗ ಅಂಬುಬಾಯಿ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂತು.

"ಅವರು ಹೇಳಿದ್ದು ಖರೇನೇ ಅದ," ಅಂದಳು. ಗಿರಿಜಾಳ ನಂತರ ಹುಟ್ಟಿದ ಕೂಸು ಅದೇ ಖೋಲಿಯಲ್ಲಿ ಶೀತ ಹಿಡಿದು, ಹೆಸರಿಡುವ ಮೊದಲೇ ಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. "ಆದ್ರ ನನ್ನ ಮಗಳು ನನ್ನ ಮನಿಯಾಗೇ ಹಡೀಬೇಕು. ನೀವು ಏನರೆ ಮಾಡ್ರಿ."

ಗೋಡೆ ಕಲ್ಲು ಮಣ್ಣಿನದು. ಪ್ರತಿ ಬೇಸಿಗೆ ಕೊನೆಗೆ ಅತ್ತೆ ಜಿಜಾಬಾಯಿ ಮತ್ತು ಅಂಬುಬಾಯಿ ಸೇರಿ ಕೆಮ್ಮಣ್ಣು, ಸಗಣಿ, ಹೊಟ್ಟು ಕಲಸಿ ಹೊರಗಿನಿಂದ ಮೆತ್ತುತ್ತಿದ್ದರು. ಪಡುವಣದ ಎರಚಲು ಅದನ್ನು ಶ್ರಾವಣ ಮುಗಿಯುವುದರೊಳಗೆ ತೊಳೆದು ಹಾಕುತ್ತಿತ್ತು. ಈ ಸಲ ಮಣ್ಣು ಸಾಲದೆಂದು ಎಲ್ಲರಿಗೂ ಗೊತ್ತಾಯಿತು. ಮಣ್ಣಲ್ಲದೆ ಇನ್ನೇನು ಎಂಬುದರಲ್ಲಿ ಮಾತ್ರ ಯಾವ ಇಬ್ಬರ ಮಾತೂ ಒಂದಾಗಲಿಲ್ಲ.

"ತಗಡು ಹೊಡಸೋಣು," ಅಂದ ತುಳಜಾರಾಮ. "ಹುಮನಾಬಾದಿನ್ಯಾಗ ಅಡತಿ ಅಂಗಡಿಗಿ ಹೊಡದಾರ. ಒಂದು ಹನಿ ಒಳಗ ಬರಾಂಗಿಲ್ಲ."

"ಲಡಾಯಿ ನಡದದ, ಅಪ್ಪಾ. ತಗಡು ಎಲ್ಲಿ ಸಿಗತದ? ಎಲ್ಲಾ ಫೌಜಿಗಿ ಹೋಗಾಕತ್ತದ," ಅಂದ ಮಗ ಮಾರುತಿ. ಅವನು ಉರ್ದು ಮಿಡ್ಲ್ ಪಾಸು ಮಾಡಿ ಪೇಟೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. "ಸಿಮೆಂಟ್ ಗಿಲಾವು ಮಾಡಸ್ರಿ. ಹೊಸಾ ಕಚೇರಿಗಿ ಅದೇ ಮಾಡ್ಯಾರ."

"ಕಚೇರ್ಯಾಗ ಯಾರು ಹಡೀತಾರೋ?" ಅಂದಳು ಜಿಜಾಬಾಯಿ.

ಮಾರುತಿ ಅಜ್ಜಿಯ ಕಡೆ ನೋಡಿ ನಕ್ಕ. "ಆಯಿ, ನೀ ಏನ್ ಅಂತಿ ಹೇಳು ಹಂಗಾರ."

"ನಾ ಏನ್ ಅನ್ಲಿ? ನಾ ಸೊಸಿಯಾಗಿ ಬಂದಾಗಿಂದ ಮಣ್ಣ ಮೆತ್ತೀನಿ. ಗ್ವಾಡಿ ನಿಂತದ, ನಾನೂ ನಿಂತೀನಿ."

"ಗ್ವಾಡಿ ಅಳಾಕತ್ತದ, ಆಯಿ."

"ಅಳೂದು ನಿಂದರಸಾಕ ತಗಡಿನ ಅಂಗಿ ಹಾಕ್ತಿರೇನು? ಬ್ಯಾಸಿಗ್ಯಾಗ ಕೂಸು ಭಟ್ಟಿ ಒಳಗ ಮಲಗಬೇಕು!"

ಅಂಬುಬಾಯಿ ಎಲ್ಲರ ತಾಟಿಗೂ ಪುಂಡಿಪಲ್ಯ ಬಡಿಸಿದಳು. ಅತ್ತೆಯ ರೊಟ್ಟಿಯನ್ನು ಎಂದಿನಂತೆ ಹಾಲಿನಲ್ಲಿ ನೆನೆಸಿ ಇಟ್ಟಳು. "ಜಗಳಾಡಿದ್ರ ಗ್ವಾಡಿ ಒಣಗತದೇನು? ಮೊದಲು ಉಣ್ರಿ," ಅಂದಳು.

ಅಂದಿನಿಂದ ತುಳಜಾರಾಮನಿಗೆ ಒಂದು ವಿಚಿತ್ರ ಅಭ್ಯಾಸ ಹತ್ತಿತು. ಕಂಡವರ ಗೋಡೆಯನ್ನೆಲ್ಲ ಮುಟ್ಟಿ ನೋಡುವುದು, ಬೆರಳಿನ ಗೆಣ್ಣಿನಿಂದ ತಟ್ಟುವುದು, ಉಗುರಿನಿಂದ ಕೆರೆಯುವುದು. ಚಿಟಗುಪ್ಪಕ್ಕೆ ಎತ್ತು ನೋಡಲು ಹೋದವನು ಎತ್ತು ಬಿಟ್ಟು ಎತ್ತಿನವನ ಮನೆಯ ಗೋಡೆ ನೋಡಿ ಬಂದ. ಹುಮನಾಬಾದಿನಲ್ಲಿ ಯಾರದೋ ಹಿತ್ತಲ ಗೋಡೆಗೆ ಕಿವಿ ಹಚ್ಚಿ ತಟ್ಟುತ್ತಿದ್ದಾಗ ಒಳಗಿನಿಂದ ಹೆಂಗಸೊಬ್ಬಳು, "ಯಾವಂವ ಅವಾ?" ಎಂದು ಒನಕೆ ಹಿಡಿದು ಬಂದಳು. ಘಾಟಬೋರಾಳದ ಅವನ ಗೆಳೆಯ ಗೋಡೆಯ ಹೊರಮುಖಕ್ಕೆ ಕಲ್ಲಿನ ಹಲಗೆ ನಿಲ್ಲಿಸಿ ಕಟ್ಟಿಸೆಂದ. ಆ ಗೆಳೆಯನ ತಮ್ಮ, ಮಣ್ಣಿನ ಗೋಡೆ ಕಲ್ಲಿನ ಭಾರ ತಡೆಯದೆಂದ. ಸಿಮೆಂಟ್ ಹಚ್ಚಿದರೆ ಗೋಡೆ ಒಳಗೆ ಬೆವರುತ್ತದೆಂದು ಒಬ್ಬರು, ಸಿಮೆಂಟ್ ಹಚ್ಚದಿದ್ದರೆ ಗೋಡೆಯೇ ಉಳಿಯದೆಂದು ಇನ್ನೊಬ್ಬರು. ಸಿಮೆಂಟಿಗೆ ಪರವಾನಗಿ ಬೇಕೆಂದು ಕಚೇರಿಯ ಜವಾನ ಹೇಳಿದ. ಬೇಡವೆಂದು ಅದೇ ಕಚೇರಿಯ ಇನ್ನೊಬ್ಬ ಜವಾನ ಹೇಳಿದ.

ತುಳಜಾರಾಮ ದಿನವೂ ಹೊಸದೊಂದು ತಿಳಿದುಕೊಂಡು ಬಂದು, ಹಿಂದಿನ ದಿನ ತಿಳಿದದ್ದನ್ನು ಕಳೆದುಕೊಳ್ಳುತ್ತಿದ್ದ.

"ನಿನ್ನಿ ಕಲ್ಲು ಅಂದ್ರಿ," ಅಂದಳು ಅಂಬುಬಾಯಿ.

"ನಿನ್ನಿ ನನಗ ತಿಳದಿದ್ದಿಲ್ಲ."

"ಇವತ್ತ ತಿಳದದೇನು?"

ಅವನು ಪಕ್ಕದ ಗೋಡೆಯನ್ನೊಮ್ಮೆ ಗೆಣ್ಣಿನಿಂದ ತಟ್ಟಿದ. "ಇವತ್ತೂ ಇಲ್ಲ," ಅಂದ.

ಕೊನೆಗೆ ಅವನ ಮನಸ್ಸು ನಿಂತದ್ದು ಕಲ್ಯಾಣದ ಕೋಟೆಯ ಗೋಡೆಯ ಮೇಲೆ. ಅಲ್ಲಿನ ಗಚ್ಚು, ಎಷ್ಟೋ ಮಳೆಗಾಲ ಕಂಡ ಸುಣ್ಣದ ಗಚ್ಚು, ಉಗುರಿಗೆ ಜಗ್ಗಲಿಲ್ಲ. ಅವನ ಉಗುರೇ ಮುರಿಯಿತು. ಮುರಿದ ಉಗುರನ್ನು ಹೆಂಡತಿಗೆ ತೋರಿಸಿ, "ನೋಡು, ಇದು ಮಜಬೂತ," ಅಂದ. ಮರುದಿನವೇ ಗೋಡೆ ಕೆಲಸದ ಗೌಂಡಿ ಯೂನುಸ್‌ನನ್ನು ಕರೆಸಿದ.

ಯೂನುಸ್ ನಡುವಯಸ್ಸಿನವನು, ಕಡಿಮೆ ಮಾತಿನವನು. ಸುಣ್ಣವನ್ನು ಹಿತ್ತಲ ಹೊಂಡದಲ್ಲಿ ನೆನೆಹಾಕಿ, ಅದು ಹದಕ್ಕೆ ಬರುವ ತನಕ ಮುಟ್ಟಗೊಡಲಿಲ್ಲ. ಆಮೇಲೆ ಮರಳು, ಬೆಲ್ಲದ ನೀರು, ಬೇಲದ ಹಣ್ಣಿನ ತಿರುಳು ಹಾಕಿ ಗಾಣದಲ್ಲಿ ಅರೆಸಿದ. ಗಾಣಕ್ಕೆ ಕಟ್ಟಿದ್ದ ಎತ್ತಿಗೆ ಜಿಜಾಬಾಯಿ ಹಿಂಡಿ ತಂದುಕೊಟ್ಟಳು. ಯೂನುಸ್‌ನಿಗೆ ಮಜ್ಜಿಗೆ ಕೊಟ್ಟಳು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಗೋಡೆಯ ಹಳೆಯ ಮಣ್ಣನ್ನು ಕೆರೆದು ತೆಗೆದ ದಿನ ಅವಳು ಹಿತ್ತಲಿಗೆ ಬಂದು ಗಕ್ಕನೆ ನಿಂತಳು. ಒಂದು ಕಡೆಯಿಂದ ಗೋಡೆಯ ಕಲ್ಲುಗಳು ಬರಿದಾಗಿದ್ದವು. ಸುಣ್ಣ ಕಚ್ಚಿ ಹಿಡಿಯಲೆಂದು ಯೂನುಸ್ ಸಂದುಗಳನ್ನು ಕೊರೆದಿದ್ದ.

"ಇದೇನಪ್ಪಾ, ಹಿಂಗ ಬತ್ತಲ ಮಾಡಿ ಬಿಟ್ಟೀದಿ?"

"ನಾಳಿ ಬೆಳಿಗ್ಗಿ ಗಚ್ಚು ಹೊಡೀತೀನಿ, ಆಯಿ. ಸ್ವಲ್ಪ ಸ್ವಲ್ಪನೇ ಮಾಡಬೇಕು."

"ರಾತ್ರಿ ಹಿಂಗೇ ಇರಬೇಕೇನು? ಬಸರಿ ಮಗಳು ಬರೂ ಮನಿ!"

ಯೂನುಸ್ ನಕ್ಕು, ಬುಟ್ಟಿ ತೊಳೆದಿಟ್ಟು ಹೋದ. ಜಿಜಾಬಾಯಿ ನಗಲಿಲ್ಲ. ಆ ಮನೆಯ ಹೆಂಗಸರು ಗೋಡೆ, ನೆಲ, ಒಲೆ ಯಾವುದನ್ನೂ ಸಾರಣೆಯಿಲ್ಲದೆ ಬೆಳಗು ಕಾಣಗೊಟ್ಟವರಲ್ಲ. ಬಸುರಿ ಕಾಲಿಡುವ ಮನೆಯಲ್ಲಂತೂ ಬರಿದಾದ ಗೋಡೆ ಕೂಡದೆಂದು ಅವಳಿಗೆ ಅವಳತ್ತೆ ಕಲಿಸಿದ್ದಳು. ಕೋಳಿ ಕೂಗುವ ಹೊತ್ತಿಗೆ ಎದ್ದು, ಸಗಣಿ ಕೆಮ್ಮಣ್ಣನ್ನು ತೆಳ್ಳಗೆ ಕದಡಿ, ಕೈ ಎಟುಕುವಷ್ಟು ಎತ್ತರದವರೆಗೂ ಸಾರಿಸಿಬಿಟ್ಟಳು. ಸಂದುಗಳಲ್ಲಿ ಬೆರಳಾಡಿಸಿ ನಯ ಮಾಡಿದಳು. ಕೈ ತೊಳೆದುಕೊಂಡು ಬಂದು ನೆಮ್ಮದಿಯಿಂದ ಒಲೆ ಹಚ್ಚಿದಳು. ಯಾರಿಗೂ ಹೇಳಲಿಲ್ಲ. ಹೇಳುವಂಥ ವಿಷಯವೆಂದು ಅವಳಿಗೆ ಅನ್ನಿಸಿರಲೂ ಇಲ್ಲ.

ಬಿಸಿಲೇರುವ ಮೊದಲು ಬಂದ ಯೂನುಸ್ ಗೋಡೆ ತೇವವಾಗಿರುವುದನ್ನು ಕಂಡು ಸಂತೋಷಪಟ್ಟ. ಸಗಣಿಯ ವಾಸನೆ ಬಂದರೂ ಪಕ್ಕದಲ್ಲೇ ದನದ ಕೊಟ್ಟಿಗೆ ಇತ್ತು; ತೆಳುವಾದ ಕೆಮ್ಮಣ್ಣು ಹಸಿ ಗೋಡೆಯ ಬಣ್ಣದಲ್ಲೇ ಬೆರೆತುಹೋಗಿತ್ತು.

"ಗ್ವಾಡಿಗಿ ನೀರ ಹೊಡದಿದ್ರಿ, ಬಾಯಿ? ನನ್ನ ಅರ್ಧಾ ಕೆಲಸಾ ಮಾಡಿಟ್ರಿ. ಭಾಳ ಉಪಕಾರ ಆತ್ರಿ."

"ನಾ ಅಲ್ಲಪ್ಪ. ಮಾರುತಿ ಹೊಡದಿರಬೇಕು," ಅಂದಳು ಅಂಬುಬಾಯಿ. ಮಗನಿಗೆ ಅಷ್ಟು ಬುದ್ಧಿ ಬಂತಲ್ಲ ಎಂದು ಅವನಿಗೆ ಸಂಜೆ ಒಂದು ಚಮಚ ತುಪ್ಪ ಹೆಚ್ಚು ಹಾಕಿದಳು. ಯಾಕೆಂದು ಅವನಿಗೆ ಗೊತ್ತಾಗಲಿಲ್ಲ. ಸುಮ್ಮನೆ ತಿಂದ.

ಹೀಗೆ ಗೋಡೆಯ ಕೆಲಸ ತುಂಡು ತುಂಡಾಗಿ ನಡೆಯಿತು. ಯೂನುಸ್ ಸಂಜೆ ಕೆರೆದು ಹೋಗುತ್ತಿದ್ದ. ಜಿಜಾಬಾಯಿ ನಸುಕಿನಲ್ಲಿ ಸಾರಿಸುತ್ತಿದ್ದಳು. ಯೂನುಸ್ ಅದರ ಮೇಲೆ ಗಚ್ಚು ಹೊಡೆದು ಹಲಗೆಯಿಂದ ತಟ್ಟುತ್ತಿದ್ದ. ಅರ್ಧ ಗೋಡೆ ಬಿಳಿಯಾದಾಗ ತುಳಜಾರಾಮ ಓಣಿಯವರನ್ನೆಲ್ಲ ಕರೆದು ತೋರಿಸಿದ.

ಮೂರ್ನಾಲ್ಕು ದಿನಕ್ಕೆ ಮೊದಲ ತುಂಡು ಬಿತ್ತು. ಹೆಂಚಿನಿಂದ ರೊಟ್ಟಿ ಏಳುವ ಹಾಗೆ ಅಂಚಿನಿಂದ ಎದ್ದು, ಧೊಪ್ಪನೆ ಹಿತ್ತಲಿಗೆ ಬಿದ್ದು ಪುಡಿಯಾಯಿತು. ಎತ್ತು ಹಗ್ಗ ಜಗ್ಗಿ ನಿಂತಿತು.

"ಬೆಲ್ಲ ಕಮ್ಮಿ ಆಗ್ಯದ," ಅಂದ ತುಳಜಾರಾಮ.

"ಮರಳು ಸೋಸಿಲ್ಲ," ಅಂದ ಮಾರುತಿ. "ನಾ ಮೊದಲೇ ಹೇಳ್ದೆ, ಸಿಮೆಂಟ್ ಅಂತ."

"ಸುರು ಮಾಡೂ ಮುಂದ ಒಂದು ಕಾಯಿ ಸೈತ ಒಡೀಲಿಲ್ಲ," ಅಂದಳು ಅಂಬುಬಾಯಿ.

ಯೂನುಸ್ ತಲೆ ಕೆರೆದುಕೊಂಡ. "ನನಗ ತಿಳೀವಲ್ದು, ಅಣ್ಣಾರ. ನಮ್ಮಪ್ಪನ ಕಾಲದಿಂದ ಹಿಂಗೇ ಮಾಡಾಕತ್ತೀವಿ. ಎಲ್ಲೂ ಬಿದ್ದಿಲ್ಲ."

ಜಿಜಾಬಾಯಿಗೆ ಮಾತ್ರ ಕಾರಣ ಹೊಳೆಯಿತೆನ್ನಿಸಿತು. ಗೋಡೆಗೆ ದೃಷ್ಟಿಯಾಗಿತ್ತು. ಓಣಿಯವರನ್ನೆಲ್ಲ ಕರೆದು ತೋರಿಸಿದರೆ ಇನ್ನೇನಾಗುತ್ತದೆ? ಮರುದಿನ ನಸುಕಿನಲ್ಲಿ ಅವಳು ಸಾರಣೆಯನ್ನು ಇನ್ನಷ್ಟು ದಪ್ಪಗೆ ಹಚ್ಚಿದಳು.

ಯೂನುಸ್ ಬೆಲ್ಲ ಹೆಚ್ಚಿಸಿದ. ಮಾರುತಿ ಅಂಗಡಿಗೆ ಹೋಗುವ ಮೊದಲು ಕುಳಿತು ಮರಳು ಸೋಸಿಕೊಟ್ಟ. ಅಂಬುಬಾಯಿ ಕಾಯಿ ಒಡೆದಳು. ಎಲ್ಲ ಸರಿಮಾಡಿ ಹೊಡೆದ ಗಚ್ಚು ಈ ಸಲ ಇನ್ನೂ ಬೇಗ, ಇನ್ನೂ ದೊಡ್ಡ ಹಾಳೆಯಾಗಿ ಬಿತ್ತು.

ತುಳಜಾರಾಮನ ತಾಳ್ಮೆ ಮುಗಿಯಿತು. ಹಿತ್ತಲಲ್ಲಿ ನಿಂತು ಕೂಗಾಡಿದ. "ಮುಂಗಾರಿ ಮಿರಗ ಮಳಿ ಬಾಗಲಿಗಿ ಬಂದದ! ಬೀಗರ ಮುಂದ ನನ್ನ ಇಜ್ಜತ್ ಹೋಯ್ತು! ನಿನಗ ಕೆಲಸ ಬರ್ತಿದ್ದಿಲ್ಲಂದ್ರ ಮೊದಲೇ ಹೇಳಬೇಕಿತ್ತು!"

ಯೂನುಸ್ ಕೆಳಗೆ ಬಿದ್ದಿದ್ದ ದೊಡ್ಡ ಹಾಳೆಯೊಂದನ್ನು ಎತ್ತಿ ತಿರುವಿ ನೋಡುತ್ತಿದ್ದ. ಗೋಡೆಯ ಕಡೆಗಿದ್ದ ಅದರ ಬೆನ್ನಿಗೆ ಒಣಸಗಣಿಯ ತೆಳು ಪದರ ಅಂಟಿತ್ತು; ಗಚ್ಚು ಕಲ್ಲನ್ನು ಮುಟ್ಟಿರಲೇ ಇಲ್ಲ. ಅದರಲ್ಲಿ ಬೆರಳುಗಳ ಕಮಾನು ಅಚ್ಚೊತ್ತಿದ ಹಾಗೆ ಮೂಡಿತ್ತು. ಒಂದು ಗೆರೆ, ನಡುವೆ ಖಾಲಿ, ಮತ್ತೆ ಎರಡು ಗೆರೆ. ಅವನು ತಲೆಯೆತ್ತಿ ನೋಡಿದ. ಬಾಗಿಲಲ್ಲಿ ಜಿಜಾಬಾಯಿ ಅವನಿಗೆಂದು ಮಜ್ಜಿಗೆಯ ಚರಿಗೆ ಹಿಡಿದು, ಮಗನ ಕೂಗಿಗೆ ಹೆದರಿ ನಿಂತಿದ್ದಳು. ಹುಡುಗಿಯಾಗಿದ್ದಾಗ ಜೋಳ ಕೊಯ್ಯುವಾಗ ಕುಡುಗೋಲು ಅವಳ ಬಲಗೈಯ ನಡುಬೆರಳನ್ನು ಒಯ್ದಿತ್ತು. ಚರಿಗೆ ಹಿಡಿದ ಕೈಯಲ್ಲಿ ಆ ಜಾಗ ಖಾಲಿಯಾಗಿ ಕಾಣುತ್ತಿತ್ತು.

ಯೂನುಸ್ ಹಾಳೆಯನ್ನು ಗೆರೆಗಳು ಕೆಳಗಾಗಿ, ಬಿಳಿಯ ಮುಖ ಮೇಲಾಗುವಂತೆ ಮೆಲ್ಲಗೆ ನೆಲಕ್ಕಿಟ್ಟ.

"ನಂದೇ ತಪ್ಪಾತ್ರಿ, ಅಣ್ಣಾರ," ಅಂದ. ಬುಟ್ಟಿ, ಕರಣಿ ಎತ್ತಿಕೊಂಡ. ಜಿಜಾಬಾಯಿಯ ಕೈಯಿಂದ ಚರಿಗೆ ತೆಗೆದುಕೊಂಡು ಮಜ್ಜಿಗೆ ಪೂರ್ತಿ ಕುಡಿದು, ಹೊರಟುಹೋದ.

ಅದೇ ವಾರ ಪಂಡರಿ ಸೊಸೆಯನ್ನು ಕುಬಸಕ್ಕೆ ಕರೆತಂದರು. ಗಿರಿಜಾಬಾಯಿ ಬಂಡಿಯಿಂದ ಇಳಿಯುತ್ತಲೇ ತಾಯಿಯ ಮುಖ ನೋಡಿ ಏನೋ ಸರಿಯಿಲ್ಲವೆಂದು ತಿಳಿದುಕೊಂಡಳು. ಹಸಿರು ಕುಪ್ಪಸ ತೊಡಿಸಿ, ಉಡಿ ತುಂಬಿ, ಹೋಳಿಗೆ ಊಟ ಮುಗಿಯುವ ತನಕ ಯಾರೂ ಗೋಡೆಯ ಮಾತೆತ್ತಲಿಲ್ಲ. ಊಟವಾದ ಮೇಲೆ ಪಂಡರಿ ಹಿತ್ತಲಿಗೆ ಕೈತೊಳೆಯಲು ಹೋಗಿ ಬಹಳ ಹೊತ್ತು ಅಲ್ಲೇ ನಿಂತರು. ಗೋಡೆಯ ಮೇಲೆ ಅಲ್ಲಿಷ್ಟು ಬಿಳಿ, ಇಲ್ಲಿಷ್ಟು ಕೆಂಪು, ಕೆಳಗೆ ರಾಶಿ ರಾಶಿ ಗಚ್ಚು.

"ಇದು ಏನ್ರಿ, ಬೀಗರ?"

"ಗಿಲಾವು," ಅಂದ ತುಳಜಾರಾಮ.

"ಹಚ್ಚೋದೋ, ತೆಗಿಯೋದೋ?"

ತುಳಜಾರಾಮ ಗೋಡೆ ನೋಡಿದ, ರಾಶಿ ನೋಡಿದ. "ಎರಡೂ ನಡದದ ಅನಸ್ತದ," ಅಂದ.

ಪಂಡರಿಗೆ ನಗು ಬಂತು, ಆದರೆ ನಗಲಿಲ್ಲ. "ಮಿರಗ ಹೊಕ್ಕ ಮ್ಯಾಗ ಬರ್ತೀನಿ. ಖೋಲಿ ಒಣಗಿತ್ತಂದ್ರ ಮಗಳು ನಿಮ್ಮಲ್ಲೇ ಇರ್ಲಿ. ಇಲ್ಲಂದ್ರ ಕರಕೊಂಡ ಹೋಗ್ತೀನಿ. ಬೇಜಾರ ಮಾಡ್ಕೋಬ್ಯಾಡ್ರಿ." ಹೋಗುವಾಗ ಅಂಬುಬಾಯಿಗೆ, "ಹೋಳಿಗಿ ಭಾಳ ಚಲೋ ಆಗಿದ್ವು, ಬಾಯಿ," ಅಂದರು. ಅವಳು ಸೆರಗಿನಿಂದ ಮೂಗೊರೆಸಿಕೊಂಡಳು.

ಸಂಜೆ ಗಿರಿಜಾ ಹಿತ್ತಲಲ್ಲಿ ಕುಳಿತು ಹುಣಸೆಹಣ್ಣು ಚೀಪುತ್ತ ಕಾಲಿನಿಂದ ಗಚ್ಚಿನ ಹಾಳೆಯೊಂದನ್ನು ಮಗುಚಿದಳು. ಬೆರಳಿನ ಗೆರೆಗಳು ಕಂಡವು. ಒಂದು, ಖಾಲಿ, ಎರಡು. ಚಿಕ್ಕವಳಿದ್ದಾಗ ಆಯಿಯ ಪಕ್ಕದಲ್ಲಿ ಕುಳಿತು ಸಾರಿಸುತ್ತ, ಆಯಿಯಂತೆಯೇ ಗೆರೆ ಬರಲೆಂದು ತನ್ನ ನಡುಬೆರಳನ್ನು ಮಡಚಿಕೊಳ್ಳುತ್ತಿದ್ದವಳು ಅವಳು. ಆ ಗೆರೆಯನ್ನು ಕತ್ತಲಲ್ಲೂ ಗುರುತು ಹಿಡಿಯುತ್ತಿದ್ದಳು. ಮಿಕ್ಕ ಹಾಳೆಗಳೆಲ್ಲ ಪುಡಿಪುಡಿಯಾಗಿ ಅಡ್ಡಾದಿಡ್ಡಿ ಬಿದ್ದಿದ್ದವು. ಇದೊಂದನ್ನು ಮಾತ್ರ ಯಾರೋ ಜೋಪಾನವಾಗಿ, ಗೆರೆಗಳು ಕಾಣದಂತೆ ಇಟ್ಟಿದ್ದರು.

"ಅವ್ವಾ, ಇದನ್ನ ಹಿಂಗ ಇಟ್ಟಾವ್ರು ಯಾರು?"

"ಆ ಯೂನುಸ್. ನಿಮ್ಮಪ್ಪ ಬೈಯಾಕತ್ತಾಗ ಅದನ್ನೇ ಹಿಡಕೊಂಡು ನಿಂತಿದ್ದ. ನಂದೇ ತಪ್ಪು ಅಂದು ಹೋದ."

ಗಿರಿಜಾ ಹುಣಸೆಹಣ್ಣನ್ನು ಬದಿಗಿಟ್ಟಳು. ಹಾಳೆಯನ್ನು ಕಲ್ಲಿನಿಂದ ಜಜ್ಜಿ ಪುಡಿ ಮಾಡಿ, ಕೈ ಜಾಡಿಸಿ, ಅಡುಗೆಮನೆಗೆ ಹೋಗಿ ಜಿಜಾಬಾಯಿಯ ಪಕ್ಕ ಕುಳಿತಳು.

"ಆಯಿ, ನನಗೊಂದು ಬಯಕಿ ಆಗ್ಯದ."

"ಹೇಳವ್ವ ನನ ಕೂಸ. ಮಾವಿನಕಾಯಿ ಬೇಕೇನು?"

"ಖೋಲಿ ಒಳಗಿನ ಗ್ವಾಡಿ ನಿನ್ನ ಕೈಲೆ ಸಾರಿಸಬೇಕು. ನಾಲ್ಕೂ ಕಡಿ. ಕೂಸು ಕಣ್ಣ ಬಿಟ್ರ ಕಾಣೂದು ಒಳಗಿನ ಗ್ವಾಡಿ. ಹೊರಗಿಂದು ಅದಕ್ಕೇನು ಕಾಣ್ತದ?"

ಮುದುಕಿಯ ಮುಖ ಅರಳಿತು. ಆಮೇಲೆ ಬಾಡಿತು. "ಹೊರಗ ಬತ್ತಲ ಅದಲ್ಲ ಗಿರಿಜಾ. ನನಗ ನಿದ್ದೀನೇ ಬರಾಂಗಿಲ್ಲ."

"ಬತ್ತಲಿದ್ದಾವರಿಗೆ ಏನ್ ಮಾಡ್ತಾರ? ಅರಿವಿ ಹೊಚ್ಚತಾರ. ನಿನ್ನ ಕೌದಿ ಎಲ್ಲದ?"

ಜಿಜಾಬಾಯಿ ಮೊಮ್ಮಗಳ ಮುಖ ನೋಡಿದಳು. ಏನೋ ಕೇಳಬೇಕೆಂದು ಬಾಯಿ ತೆರೆದಳು. ಗಿರಿಜಾ ಅವಳ ಬಲಗೈಯನ್ನು ಎತ್ತಿ ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ನೋಡು, ಒದಿಯಾಕತ್ತದ," ಅಂದಳು. ಕೇಳುವ ಮಾತು ಹಾಗೇ ನಿಂತಿತು.

ಮರುದಿನ ಗಿರಿಜಾ ತಂದೆಗೆ ಯೂನುಸ್‌ನನ್ನು ಕರೆತರಲು ಹೇಳಿದಳು.

"ಆ ಮನಷ್ಯಾ ತನ್ನ ತಪ್ಪು ತಾನೇ ಒಪ್ಪಿಕೊಂಡಾನ!"

"ತಪ್ಪು ಒಪ್ಪಿಕೊಂಡಾವ ಎರಡನೇ ಸಲ ಮಾಡಾಂಗಿಲ್ಲ, ಅಪ್ಪಾ. ಹೊಸಬನ್ನ ಕರೆದ್ರ ಅವ ಮೊದಲಿಂದ ಮಾಡ್ತಾನ."

ತುಳಜಾರಾಮ ರುಮಾಲು ಸುತ್ತಿಕೊಂಡ. ಹೋಗಿ ಕರೆದ. ಯೂನುಸ್ ಒಂದು ಪ್ರಶ್ನೆಯನ್ನೂ ಕೇಳದೆ ಬುಟ್ಟಿ ಎತ್ತಿಕೊಂಡು ಬಂದ. ಗೋಡೆಯನ್ನು ಮತ್ತೆ ಕಲ್ಲು ಕಾಣುವಂತೆ ಕೆರೆದು, ತೊಳೆದು, ಸಂದು ಕೊರೆದ. ಸಂಜೆ ಅವನು ಏಣಿಯಿಂದ ಇಳಿಯುತ್ತಲೇ ಗಿರಿಜಾ ಬಣ್ಣಬಣ್ಣದ ಚಿಂದಿಯ ದೊಡ್ಡ ಕೌದಿಯನ್ನು ತಂದಳು. ಒಂದು ತುದಿ ಅವಳು ಹಿಡಿದಳು, ಇನ್ನೊಂದು ತುದಿ ಜಿಜಾಬಾಯಿ. ಮಾರುತಿ ಏಣಿ ಹತ್ತಿ ಮಾಳಿಗೆಯ ಗೂಟಗಳಿಗೆ ಕಟ್ಟಿದ.

"ಇದು ಯಾಕ?" ಅಂದ ತುಳಜಾರಾಮ.

"ನನ್ನ ಬಯಕಿ, ಅಪ್ಪಾ."

"ಗ್ವಾಡಿಗಿ ಕೌದಿ ಹೊಚ್ಚೂ ಬಯಕಿ?"

"ಆಗಬಾರದೇನು?"

ತುಳಜಾರಾಮ ಹೆಂಡತಿಯ ಕಡೆ ನೋಡಿದ. ಅಂಬುಬಾಯಿ, "ನಾ ಬಸರಿದ್ದಾಗ ಒಡದ ಗಡಿಗಿ ಖಾಪರಿ ತಿಂದಿದ್ದೆ. ಸುಮ್ಮಿರ್ರಿ," ಅಂದಳು.

ಯೂನುಸ್ ಕೌದಿಯ ಮೇಲೆ ಅಷ್ಟು ನೀರು ಚಿಮುಕಿಸಿದ. "ಇರ್ಲಿ ಅಣ್ಣಾರ. ಹಗಲೆಲ್ಲಾ ಹಸಿ ಗಚ್ಚಿಗಿ ಬಿಸಲ ತಾಕಬಾರದು. ನೆರಳಿದ್ರ ಚಲೋ," ಅಂದ. ಅಂದಿನಿಂದ ರಾತ್ರಿ ಬರಿಗೋಡೆಯ ಮೇಲೆ, ಹಗಲು ಹಸಿ ಗಚ್ಚಿನ ಮೇಲೆ ಕೌದಿ ಜರುಗುತ್ತ ಹೋಯಿತು. ಹಾದುಹೋಗುವವರೆಲ್ಲ ನಿಂತು ನೋಡಿದರು. ಯಾರಿಗೂ ಅರ್ಥವಾಗಲಿಲ್ಲ. ಒಳಗೆ ಜಿಜಾಬಾಯಿ ಸೆರಗು ಸಿಕ್ಕಿಸಿಕೊಂಡು ಖೋಲಿಯ ಗೋಡೆಗಳನ್ನು ಸಾರಿಸಿದಳು. ಹೊರಗೆ ಕೈ ಹಚ್ಚಲಿಲ್ಲ.

ಗಚ್ಚು ನಿಂತಿತು. ತುಳಜಾರಾಮ ದಿನಕ್ಕೆ ನಾಲ್ಕು ಸಲ ಹೋಗಿ ತಟ್ಟಿ ಕೇಳಿದ. ಎಲ್ಲೂ ಟೊಳ್ಳು ಸದ್ದಿಲ್ಲ.

ಮಿರಗ ಮಳೆ ಪಡುವಣದಿಂದಲೇ ಬಂತು. ರಾತ್ರಿಯೆಲ್ಲ ಗೋಡೆಗೆ ಹೊಡೆಯಿತು. ಮಳೆ ಹೊಳವಾದ ಮೇಲೆ ಪಂಡರಿ ಕೆಸರುಗಾಲಲ್ಲೇ ಬಂದು ಖೋಲಿಯೊಳಗೆ ನಿಂತು ಗೋಡೆಗೆ ಅಂಗೈ ಊರಿದರು. ಅಂಬುಬಾಯಿ ಬಾಗಿಲಲ್ಲಿ ನಿಂತು ನೋಡಿದಳು. ಪಂಡರಿ ಅಂಗೈ ತಿರುವಿ ನೋಡಿಕೊಂಡರು. ಧೋತರಕ್ಕೆ ಒರೆಸಿಕೊಳ್ಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕುಳಿತು, "ಚಹಾ ಮಾಡ್ರಿ, ಬಾಯಿ," ಅಂದರು.

ಅಂಬುಬಾಯಿ ಚಹಾಕ್ಕೆ ಸಕ್ಕರೆ ಎರಡು ಸಲ ಹಾಕಿದಳು.

ಶ್ರಾವಣದಲ್ಲಿ ಗಿರಿಜಾ ಹೆಣ್ಣುಮಗು ಹೆತ್ತಳು. ಖೋಲಿ ಬೆಚ್ಚಗಿತ್ತು. ತೊಟ್ಟಿಲ ದಿನ ಘಾಟಬೋರಾಳದಿಂದ, ಚಿಟಗುಪ್ಪದಿಂದ ಬಂದವರೆಲ್ಲ ಮಗು ನೋಡಿದ ಮೇಲೆ ಹಿತ್ತಲಿಗೆ ಬಂದು ಗೋಡೆ ನೋಡಿದರು. ಮೊದಲು ಬಿದ್ದ ಗಚ್ಚು ಆಮೇಲೆ ಹೇಗೆ ನಿಂತಿತೆಂದು ಕೇಳಿದರು.

"ಬೆಲ್ಲ," ಅಂದ ತುಳಜಾರಾಮ. "ಮೊದಲು ಬೆಲ್ಲ ಕಮ್ಮಿ ಬಿದ್ದಿತ್ತು."

"ಎರಡನೇ ಸಲ ಬೆಲ್ಲ ಜಾಸ್ತಿ ಹಾಕಿದ್ರೂ ಬಿತ್ತಲ್ಲಪ್ಪಾ," ಅಂದ ಮಾರುತಿ.

"ಹೌದಲ್ಲ!" ತುಳಜಾರಾಮ ಗೋಡೆಯನ್ನು ತಟ್ಟಿದ. "ಹಂಗಾರ ಕೌದಿ?"

"ಅರಿವಿಲೆ ಗಚ್ಚು ನಿಂದರತದೇನು?"

"ನನಗೇನ್ ಗೊತ್ತೋ, ನಿಂತದಲ್ಲ!"

ಯೂನುಸ್ ಬಂದವರೊಂದಿಗೆ ಕುಳಿತು ಗೋಧಿ ಹುಗ್ಗಿ ತಿನ್ನುತ್ತಿದ್ದ. ಅವನನ್ನು ಕೇಳಿದರು. "ಅಣ್ಣಾರ ಅಂದಂಗೇರಿ. ಬೆಲ್ಲನೇ ಕಮ್ಮಿ ಆಗಿತ್ತು," ಅಂದು ತಾಟಿನ ಕಡೆ ನೋಡಿದ.

ಎಲ್ಲರೂ ಹೋದ ಮೇಲೆ ಅವನು ಹೊರಡಲೆಂದು ಪಡಸಾಲೆ ದಾಟಿದಾಗ ಜಿಜಾಬಾಯಿ ಬಾಗಿಲ ಬಳಿ ನಿಂತಿದ್ದಳು. ಸೆರಗಿನ ಗಂಟು ಬಿಚ್ಚಿ ಒಂದು ದೊಡ್ಡ ಬೆಲ್ಲದ ಹೆಂಟೆ ತೆಗೆದಳು. ನಸುಕಿನಲ್ಲಿ ಗೋಡೆ ಸಾರಿಸಿದ, ನಡುಬೆರಳಿಲ್ಲದ ಆ ಬಲಗೈಯನ್ನು ಅವಳು ಮುಚ್ಚಿಕೊಳ್ಳಲಿಲ್ಲ. ಅದರಲ್ಲೇ ಹೆಂಟೆಯನ್ನು ಅವನ ಮುಂದೆ ಹಿಡಿದಳು.

"ತಗೋಪ್ಪ. ಆಗ ಕಮ್ಮಿ ಬಿದ್ದಿದ್ದು ಇದೇ."

ಯೂನುಸ್ ಅವಳ ಮುಖ ನೋಡಿದ, ಕೈ ನೋಡಿದ. ಎರಡೂ ಅಂಗೈ ಜೋಡಿಸಿ ಬೆಲ್ಲ ತೆಗೆದುಕೊಂಡ. ಒಳಗೆ ಮಗು ಅಳತೊಡಗಿತು. "ಹೋಗ್ರಿ ಆಯಿ, ಕೂಸು ಕರಿಯಾಕತ್ತದ," ಅಂದ.